ಟಿವಿ ಕೆಳಗೆ ಕಂಪ್ಯೂಟರ್ ಇಡೋ ಮುಂಚೆ

ದಿನಾ ಈ ಹೊತ್ತಿಗೆ ವಿಧಾನಸೌಧದ ಸುದ್ದಿ ಮಾತಾಡ್ತೀವಿ. ಇವತ್ತು ಅದಕ್ಕೆ ರಜೆ. ಇವತ್ತು ನಿಮ್ಮ ಮನೆಯ ಹಾಲ್‌ಗೇ ಬರ್ತಾ ಇದ್ದೀನಿ. ನೀವು ಈಗ ನನ್ನನ್ನು ನೋಡ್ತಾ ಇರೋ ಆ ಟಿವಿ ಇದೆಯಲ್ಲ, ಅದರ ಕೆಳಗೆ ಒಂದು ಕಂಪ್ಯೂಟರ್ ಇಡೋಣ ಅಂತ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಹೇಳಿಯೇ ಇರ್ತಾರೆ. ಮಗ ಹೇಳಿರಬಹುದು, ಅಳಿಯ ಹೇಳಿರಬಹುದು. "ಒಂದೇ ಡಬ್ಬ, ಓಟಿಟಿ ಎಲ್ಲಾ ಬರುತ್ತೆ, ಯೂಟ್ಯೂಬ್ ಬರುತ್ತೆ, ಗೇಮೂ ಆಡಬಹುದು." ಇದಕ್ಕೆ ಹೋಮ್ ಥಿಯೇಟರ್ ಪಿಸಿ ಅಂತ ಹೆಸರು. ಮಾತು ಸುಳ್ಳಲ್ಲ. ಆದರೆ ಆ ಡಬ್ಬಕ್ಕೆ ದುಡ್ಡು ಕೊಡೋ ಮುಂಚೆ ಗೊತ್ತಿರಬೇಕಾದ ಒಂದು ವಿಷಯವನ್ನು ಯಾರೂ ಹೇಳಲ್ಲ. ನನಗೂ ಯಾರೂ ಹೇಳಲಿಲ್ಲ. ನಾನು ಎಂಜಿನಿಯರಿಂಗ್ ಓದಿದವನು ಬೇರೆ, ಕೇಳೋ ಅಭ್ಯಾಸವೂ ಇರಲಿಲ್ಲ.

2022ರ ಮಾತು. ತೀರ್ಥಹಳ್ಳಿಯಲ್ಲಿರೋ ಅಪ್ಪ ಅಮ್ಮನಿಗೆ 55 ಇಂಚಿನ 4ಕೆ ಟಿವಿ ಕೊಡಿಸಿದ್ದೆ. ಅದಕ್ಕೊಂದು ಕಂಪ್ಯೂಟರ್ ಜೋಡಿಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಶನಿವಾರ ಪೂರ್ತಿ ಅಲೆದು ಬಿಡಿಭಾಗ ತಂದೆ. ರೈಜೆನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಚಂದದೊಂದು ಚಿಕ್ಕ ಕ್ಯಾಬಿನೆಟ್. ಐವತ್ತು ಸಾವಿರದ ಮೇಲೆ ಹೋಯಿತು. ಬಸ್ಸಿನಲ್ಲಿ ಮಗು ಥರ ತೊಡೆ ಮೇಲೆ ಇಟ್ಟುಕೊಂಡು ಹೋದೆ.

ಸಂಜೆ ಎಲ್ಲರೂ ಕೂತರು. ಅಕ್ಕ, ಭಾವ, ಅಕ್ಕನ ಮಗ ಕೂಡ ಬಂದಿದ್ದರು. ಕ್ರೋಮ್ ಬ್ರೌಸರ್ ತೆರೆದು ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಸಿನಿಮಾ ಹಾಕಿದೆ. ಚಿತ್ರ ಬಂತು, ಆದರೆ ಮಸುಕು ಮಸುಕು. ಅಪ್ಪ ಕನ್ನಡಕ ಒರೆಸಿಕೊಂಡರು. ಮತ್ತೆ ನೋಡಿದರು. ಆಮೇಲೆ ಅಕ್ಕನ ಮಗ ಸುಮ್ಮನೆ ಟಿವಿಯ ರಿಮೋಟ್ ತಗೊಂಡು, ಟಿವಿಯೊಳಗೇ ಇದ್ದ ಆಪ್‌ನಲ್ಲಿ ಅದೇ ಸಿನಿಮಾ ಹಾಕಿದ. ಕನ್ನಡಿ ಥರ ಇತ್ತು. ಅಮ್ಮ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ಎಂಥದು ಮಾರಾಯ, ಅಷ್ಟು ದುಡ್ಡು ಕೊಟ್ಟು ಮಸುಕು ಮಾಡ್ಸಿದ್ಯಾ?"

ಯಾಕೆ ಹೀಗಾಯ್ತು? ನನ್ನ ಕಂಪ್ಯೂಟರ್‌ನ ಶಕ್ತಿ ಟಿವಿಯೊಳಗಿರೋ ಪುಟ್ಟ ಚಿಪ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಇಂಟರ್ನೆಟ್ ಒಂದೇ, ಅಕೌಂಟ್ ಒಂದೇ. ಆದರೂ ಆ ಹೊತ್ತಿನಲ್ಲಿ ಕ್ರೋಮ್‌ಗೆ ನೆಟ್‌ಫ್ಲಿಕ್ಸ್ ಕೊಡ್ತಾ ಇದ್ದದ್ದು 720ಪಿ ಚಿತ್ರ. ಅಂದರೆ ಸುಮಾರು 9.2 ಲಕ್ಷ ಚುಕ್ಕಿ. ಟಿವಿಯ ಆಪ್‌ಗೆ ಕೊಡ್ತಾ ಇದ್ದದ್ದು 4ಕೆ, ಸುಮಾರು 83 ಲಕ್ಷ ಚುಕ್ಕಿ. ನಾನು ನೋಡಿದ್ದು ಒಂಬತ್ತರಲ್ಲಿ ಒಂದು ಪಾಲು. ಇದು ಶಕ್ತಿಯ ಪ್ರಶ್ನೆ ಅಲ್ಲ ಸ್ವಾಮಿ, ನಂಬಿಕೆಯ ಪ್ರಶ್ನೆ.

ಸಿನಿಮಾದವರ ಭಾಷೆಯಲ್ಲೇ ಹೇಳ್ತೀನಿ. ಮೊದಲು ಥಿಯೇಟರ್‌ಗೆ ರೀಲಿನ ಡಬ್ಬ ಬರ್ತಾ ಇತ್ತು. ಈಗ ಸಿನಿಮಾ ಬೀಗ ಹಾಕಿದ ಡಿಜಿಟಲ್ ಫೈಲ್ ಆಗಿ ಬರುತ್ತೆ. ಅದರ ಬೀಗದ ಕೈ ಬೇರೆ ದಾರಿಯಲ್ಲಿ ಬರುತ್ತೆ, ಅದಕ್ಕೆ ಕೆಡಿಎಂ ಅಂತಾರೆ. ಆ ಕೈ ಆ ಥಿಯೇಟರಿನ ಆ ಒಂದು ಸರ್ವರ್‌ಗೆ ಮಾತ್ರ ಹೊಂದುತ್ತೆ, ಅದೂ ಇಂಥ ದಿನದಿಂದ ಇಂಥ ದಿನದವರೆಗೆ. ಕೆಡಿಎಂ ಬರೋದು ತಡವಾದರೆ ಶುಕ್ರವಾರ ಬೆಳಗಿನ ಶೋಗೆ ಹೊರಗೆ ಪಟಾಕಿ, ಒಳಗೆ ಬಿಳಿ ಪರದೆ.

ಓಟಿಟಿಯಲ್ಲೂ ಹೀಗೇ. ಪ್ರತಿ ಸಿನಿಮಾ ಬೀಗ ಹಾಕಿಕೊಂಡೇ ನಿಮ್ಮ ಮನೆಗೆ ಬರುತ್ತೆ. ಬೀಗ ಮಾಡೋ ಕಂಪನಿಗಳು ಮುಖ್ಯವಾಗಿ ಮೂರು: ಗೂಗಲ್‌ನ ವೈಡ್‌ವೈನ್, ಮೈಕ್ರೋಸಾಫ್ಟ್‌ನ ಪ್ಲೇರೆಡಿ, ಆಪಲ್‌ನ ಫೇರ್‌ಪ್ಲೇ. ವೈಡ್‌ವೈನ್‌ನಲ್ಲಿ ಮಟ್ಟಗಳಿವೆ. ಎಲ್1 ಅಂದರೆ ಬೀಗ ತೆಗೆಯೋದು, ಚಿತ್ರ ಬಿಡಿಸೋದು ಎರಡೂ ಚಿಪ್‌ನೊಳಗಿನ ಒಂದು ಪ್ರತ್ಯೇಕ ಕೋಣೆಯಲ್ಲಿ ನಡೆಯುತ್ತೆ, ಬೇರೆ ಯಾವ ಸಾಫ್ಟ್‌ವೇರೂ ಅಲ್ಲಿಗೆ ಇಣುಕೋ ಹಾಗಿಲ್ಲ. ಎಲ್3 ಅಂದರೆ ಅದೇ ಕೆಲಸ ಮಾಮೂಲಿ ಸಾಫ್ಟ್‌ವೇರ್‌ನಲ್ಲಿ, ಹಜಾರದಲ್ಲಿ ಕೂತು ಲಾಕರ್ ತೆಗೆದ ಹಾಗೆ. ಕಂಪ್ಯೂಟರ್ ಅನ್ನೋದು ಏನು ಬೇಕಾದರೂ ಇನ್‌ಸ್ಟಾಲ್ ಮಾಡಬಹುದಾದ ಯಂತ್ರ. ಅದೇ ಅದರ ಗುಣ, ಸಿನಿಮಾ ಕಂಪನಿಗಳ ಕಣ್ಣಿಗೆ ಅದೇ ಅದರ ದೋಷ. ಹಾಗಾಗಿ ಕಂಪ್ಯೂಟರ್‌ಗೆ ಕಡಿಮೆ ಚಿತ್ರ. ಟಿವಿ, ಅಥವಾ ಟಿವಿ ಹಿಂದೆ ಸಿಕ್ಕಿಸೋ ಚಿಕ್ಕ ಸ್ಟಿಕ್ ಇದೆಯಲ್ಲ, ಅದರಲ್ಲಿ ಕಂಪನಿ ಕೊಟ್ಟಷ್ಟೇ ನಡೆಯೋದು. ಅದಕ್ಕೆ ಪೂರ್ತಿ ಚಿತ್ರ.

ದಾರಿ ಇಲ್ವಾ? ಇದೆ. ಕ್ರೋಮ್‌ನ ಮಿತಿಯನ್ನು ನೆಟ್‌ಫ್ಲಿಕ್ಸ್ ಆಮೇಲೆ 1080ಪಿಗೆ ಏರಿಸಿತು. ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರ್ ಬಳಸಿದರೆ 4ಕೆಯೂ ಬರುತ್ತೆ. ಆದರೆ ಷರತ್ತುಗಳ ಸರಮಾಲೆ ನೋಡಿ. ಪ್ರೀಮಿಯಂ ಪ್ಲಾನ್ ಇರಬೇಕು. ಇಂಟೆಲ್ ಆದರೆ ಏಳನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. 15 ಎಂಬಿಪಿಎಸ್ ಇಂಟರ್ನೆಟ್ ಬೇಕು. ಇನ್ನೊಂದು ಎಚ್‌ಡಿಸಿಪಿ 2.2. ಇದು ಎಚ್‌ಡಿಎಂಐ ವೈರಿನ ಎರಡೂ ತುದಿಯ ಯಂತ್ರಗಳು ಪರಸ್ಪರ ಗುರುತು ಹಿಡಿಯೋ ಪದ್ಧತಿ. ಕಂಪ್ಯೂಟರ್, ಮಧ್ಯೆ ಆಂಪ್ಲಿಫೈಯರ್ ಇದ್ದರೆ ಅದು, ಟಿವಿಯ ಆ ಪೋರ್ಟ್ - ಈ ಸರಪಳಿಯಲ್ಲಿ ಒಂದು ಕೊಂಡಿ ಹಳೆಯದಾದರೂ ಚಿತ್ರ ಇಳಿದುಬಿಡುತ್ತೆ, ಇಲ್ಲಾಂದ್ರೆ ಕಪ್ಪು ಪರದೆ. ಲಿನಕ್ಸ್ ಹಾಕಿದ್ದೀರಾ? ಹಾಗಾದರೆ ಓಟಿಟಿಯಲ್ಲಿ 4ಕೆ ಆಸೆ ಬಿಡಿ.

ನಾನು ಅರ್ಧ ರಾತ್ರಿವರೆಗೆ ಕೂತು ಎಲ್ಲಾ ಸರಿ ಮಾಡಿದೆ. ಚಿತ್ರ ಚೆನ್ನಾಗೇ ಬಂತು. ಬೆಳಗ್ಗೆ ಅಮ್ಮನ ಕೈಗೆ ವೈರ್‌ಲೆಸ್ ಕೀಬೋರ್ಡ್ ಕೊಟ್ಟೆ. ಅವರು ಅದನ್ನು ನೋಡಿದ ರೀತಿ ಹೇಗಿತ್ತು ಅಂದ್ರೆ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕೋಕೆ ಹಾರೆ ಕೊಟ್ಟ ಹಾಗೆ. ಸೀರಿಯಲ್ ನೋಡೋಕೆ ಬ್ರೌಸರ್ ತೆರೆಯಬೇಕು, ಪಾಸ್‌ವರ್ಡ್ ಕೇಳಿದರೆ ಹಾಕಬೇಕು, ಸೋಫಾದ ದಿಂಬಿನ ಮೇಲೆ ಮೌಸ್ ಉಜ್ಜಬೇಕು. ಟಿವಿ ರಿಮೋಟಿನಲ್ಲೇ ಕಂಪ್ಯೂಟರ್ ನಡೆಸೋಕಾಗಲ್ವಾ ಅಂತ ನೀವು ಕೇಳಬಹುದು. ಎಚ್‌ಡಿಎಂಐ ವೈರಿನಲ್ಲೇ ಸಿಇಸಿ ಅನ್ನೋ ವ್ಯವಸ್ಥೆ ಇದೆ, ಸ್ಟಿಕ್‌ಗಳು, ಸೆಟ್‌ಟಾಪ್ ಬಾಕ್ಸ್‌ಗಳು ಟಿವಿ ರಿಮೋಟಿನ ಮಾತು ಕೇಳೋದು ಅದರಿಂದಲೇ. ಆದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಅದಿಲ್ಲ. ಬೇಕಾದರೆ ಪ್ರತ್ಯೇಕ ಅಡಾಪ್ಟರ್ ತರಿಸಬೇಕು.

ಹಾಗಾಗಿ ನನ್ನ ತೀರ್ಮಾನ ಸ್ಪಷ್ಟ. ದುಡ್ಡು ಕೊಟ್ಟು ನೋಡೋ ಓಟಿಟಿಯನ್ನು ಟಿವಿಗೆ ಬಿಟ್ಟುಬಿಡಿ. ಟಿವಿ ಹಳೆಯದಾಗಿ ಆಪ್‌ಗಳು ತೆವಳ್ತಾ ಇದ್ದರೆ ಒಂದು ಸ್ಟಿಕ್ ಹಾಕಿ. ಕಂಪ್ಯೂಟರ್ ಬೇಕಾಗೋದು ಟಿವಿಯ ಕೈಲಿ ಆಗದ ಕೆಲಸಕ್ಕೆ: ನಿಮ್ಮ ಸ್ವಂತ ಫೈಲು, ಬ್ರೌಸರ್, ದೊಡ್ಡ ಪರದೆಯಲ್ಲಿ ವಿಡಿಯೋ ಕಾಲ್, ಮತ್ತೆ ಆಟ. ನಮ್ಮನೆಯಲ್ಲಿ ಅಪ್ಪನ ಹತ್ತಿರ ಒಂದು ಟ್ರಂಕ್ ತುಂಬ ಯಕ್ಷಗಾನದ ಕ್ಯಾಸೆಟ್ ಇದ್ದವು. ಅವನ್ನು ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸಿದ್ವಿ, ಅಕ್ಕನ ಮದುವೆ ವಿಡಿಯೋನೂ ಇಳಿಸಿದ್ವಿ. ಕೋಡಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದರೆ ಅವೆಲ್ಲ ಚಿತ್ರಪಟದ ಸಮೇತ ಸಾಲಾಗಿ ಬರುತ್ತವೆ. ಅಪ್ಪನಿಗೆ ಕೀಬೋರ್ಡ್‌ನಲ್ಲಿ ಐದೇ ಕೀ ಗೊತ್ತು, ನಾಲ್ಕು ಬಾಣ, ಒಂದು ಎಂಟರ್. ಅಷ್ಟು ಸಾಕು.

ಕೆಲಸ ಇಷ್ಟೇ ಅಂತ ಗೊತ್ತಾದ ಮೇಲೆ ಯಂತ್ರ ಎಷ್ಟು ದೊಡ್ಡದಿರಬೇಕು ಅನ್ನೋದು ಸುಲಭ. ಆಟ ಬೇಡವೇ ಬೇಡ ಅಂದ್ರೆ ಇಂಟೆಲ್ ಎನ್100 ಥರದ ಚಿಪ್ ಇರೋ ಮಿನಿ ಪಿಸಿ ಸಾಕು. ಅಂಗೈ ಅಗಲದ ಡಬ್ಬ, ಚಿಪ್‌ನ ಲೆಕ್ಕ 6 ವ್ಯಾಟ್. ಇಡೀ ಡಬ್ಬ 15 ವ್ಯಾಟ್ ತಿಂದರೂ ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ಮೂರು ಯೂನಿಟ್ ಆಗಲ್ಲ. ಮೂಲೆಯಲ್ಲಿ ಬಿದ್ದಿರೋ ಹಳೇ ಡೆಸ್ಕ್‌ಟಾಪ್ 80 ವ್ಯಾಟ್ ತಿಂದರೆ ಅಷ್ಟೇ ಹೊತ್ತಿಗೆ ಹದಿನಾಲ್ಕು ಯೂನಿಟ್ ಮೇಲೆ. ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ, ಹಳೇ ಯಂತ್ರಕ್ಕೆ 11 ಹತ್ತದೇ ಇರಬಹುದು, ಅದನ್ನೂ ನೋಡಿಕೊಳ್ಳಿ.

ಇಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಕೇಳಿ. ವಿಡಿಯೋ ಅನ್ನೋದು ಮಡಚಿ ಕಳಿಸಿದ ಸೀರೆ ಥರ. ಈ ಕಡೆ ಬಿಡಿಸಬೇಕು. ಬಿಡಿಸೋಕೆ ಚಿಪ್‌ನಲ್ಲೇ ಒಂದು ಮೀಸಲು ಭಾಗ ಇರುತ್ತೆ. ಆ ಭಾಗಕ್ಕೆ ಗೊತ್ತಿರೋ ಮಡಿಕೆ ಆದರೆ ಸದ್ದಿಲ್ಲದೆ ಬಿಡಿಸುತ್ತೆ. ಗೊತ್ತಿಲ್ಲದ್ದಾದರೆ ಮುಖ್ಯ ಪ್ರೊಸೆಸರೇ ಬೆವರು ಸುರಿಸಿ ಬಿಡಿಸಬೇಕು, ಫ್ಯಾನ್ ಕೂಗೋಕೆ ಶುರು ಮಾಡುತ್ತೆ. ಯೂಟ್ಯೂಬ್ ಈಗ ಎವಿ1 ಅನ್ನೋ ಹೊಸ ಮಡಿಕೆಯನ್ನು ಹೆಚ್ಚೆಚ್ಚು ಬಳಸ್ತಾ ಇದೆ. ನಾನು ತಂದ 5600ಜಿಯ ಗ್ರಾಫಿಕ್ಸ್‌ಗೆ ಅದು ಬರಲ್ಲ. ಅಗ್ಗದ ಎನ್100ಗೆ ಬರುತ್ತೆ! ಇಂಟೆಲ್‌ನಲ್ಲಿ 11ನೇ ತಲೆಮಾರಿನಿಂದ ಇದು ಬಂದಿದೆ, ಎಎಂಡಿಯಲ್ಲಿ 8600ಜಿ, 8700ಜಿ ಥರದವುಗಳಲ್ಲಿದೆ. ಅಂಗಡಿಯಲ್ಲಿ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಅಂತ ಕೇಳೋ ಮುಂಚೆ "ಎವಿ1 ಡಿಕೋಡ್ ಇದೆಯಾ" ಅಂತ ಕೇಳಿ. ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಮೆಲ್ಲಗೆ ಹಾಡು ಕೇಳ್ತಾ ಇರುವಾಗ ಮೂಲೆಯಲ್ಲಿ ಮಿಕ್ಸಿ ಶಬ್ದ ಬಂದರೆ ಆ ಪ್ರಶ್ನೆಯ ಬೆಲೆ ಗೊತ್ತಾಗುತ್ತೆ.

ಈಗ ಆಟ. ಅಕ್ಕನ ಮಗನ ಆಸಕ್ತಿಯೇ ಅದು. ಹಗುರ ಆಟ ಅಂದರೆ ಸ್ಟಾರ್‌ಡ್ಯೂ ವ್ಯಾಲಿ, ರಾಕೆಟ್ ಲೀಗ್ ಥರದವು. ಇವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ, ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸೇ ನಡೆಸುತ್ತೆ. ಆದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಪಾಲು ಕೇಳುತ್ತೆ. ನಾನು 16 ಜಿಬಿಯ ಒಂದೇ ಕಡ್ಡಿ ತಂದಿದ್ದೆ, ಆಮೇಲೆ ಇನ್ನೊಂದು ಹಾಕಬಹುದಲ್ಲ ಅಂತ. ಆಟ ತಡವರಿಸ್ತಾ ಇತ್ತು. ಲೆಕ್ಕ ನೋಡಿ: ಡಿಡಿಆರ್4 3200ರ ಒಂದು ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿಯುತ್ತೆ, ಎರಡು ಹಾಕಿದರೆ 51.2. ಒಂದೇ ಕಡ್ಡಿ ಅಂದರೆ ಆಗುಂಬೆ ಘಾಟಿಯ ತಿರುವು, ಎದುರು ಬಸ್ ಬಂದರೆ ನಿಲ್ಲಬೇಕು. ಅದನ್ನು ಕೊಟ್ಟು ಎರಡು 8 ಜಿಬಿ ಕಡ್ಡಿ ಹಾಕಿದ ಮೇಲೆ ಅದೇ ಕಂಪ್ಯೂಟರ್, ಅದೇ 16 ಜಿಬಿ, ಆಟ ಸರಾಗವಾಯ್ತು. ಇದನ್ನು ಕಾಲೇಜಿನಲ್ಲಿ ಓದಿ ಪಾಸಾದವನು ನಾನು.

ಇನ್ನೊಂದು. ಟಿವಿ 4ಕೆ ಅಂತ ಆಟವನ್ನೂ 4ಕೆಯಲ್ಲಿ ಆಡೋಕೆ ಹೋಗಬೇಡಿ. 1080ಪಿಗಿಂತ ನಾಲ್ಕು ಪಟ್ಟು ಚುಕ್ಕಿ ಬರೆಯಬೇಕು, ಈ ಚಿಪ್‌ಗಳ ಕೈಲಿ ಆಗಲ್ಲ. 1080ಪಿಯಲ್ಲಿಡಿ, ಹಿಗ್ಗಿಸೋದನ್ನು ಟಿವಿಗೆ ಬಿಡಿ. ಮತ್ತೆ ಕಣ್ಣಿನ ಲೆಕ್ಕವೂ ಇದೆ. ಮಾಮೂಲಿ ದೃಷ್ಟಿಗೆ 55 ಇಂಚಿನ ಪರದೆಯಲ್ಲಿ 1080ಪಿಯ ಚುಕ್ಕಿ ಬಿಡಿಬಿಡಿಯಾಗಿ ಕಾಣೋದು ಸುಮಾರು ಏಳಡಿ ಒಳಗೆ ಕೂತರೆ. 43 ಇಂಚಾದರೆ ಐದೂವರೆ ಅಡಿ. ನಿಮ್ಮ ಸೋಫಾ ಎಷ್ಟು ದೂರ ಇದೆ, ಟೇಪ್ ಹಿಡಿದು ಒಮ್ಮೆ ಅಳೆಯಿರಿ. ಟಿವಿಯಲ್ಲಿ ಗೇಮ್ ಮೋಡ್ ಅಂತ ಇರುತ್ತೆ, ಅದನ್ನು ಹಾಕದಿದ್ದರೆ ಬಟನ್ ಒತ್ತಿದ ಮೇಲೆ ಬೊಂಬೆ ಯೋಚನೆ ಮಾಡಿ ಕೈ ಎತ್ತುತ್ತೆ. ವ್ಯಾಲರಂಟ್ ಥರದ ಆಟಕ್ಕೆ ವಿಂಡೋಸೇ ಬೇಕು, ಲಿನಕ್ಸ್‌ನಲ್ಲಿ ನಡೆಯಲ್ಲ. ಬರೀ ಆಟಕ್ಕೇ ಅಂತಾದರೆ ಕನ್ಸೋಲ್ ತಗೊಳ್ಳಿ, ಕಂಪ್ಯೂಟರ್ ಸಹವಾಸವೇ ಬೇಡ.

ಸರಿ, ಯಂತ್ರ ಬಂತು, ಜೋಡಿಸಿದಿರಿ. ಈಗ ನಮ್ಮ ಚಾನೆಲ್ ಹಾಕಿ. ತಮಾಷೆಯಲ್ಲ, ಯೂಟ್ಯೂಬ್‌ನಲ್ಲಿ ಯಾವುದೇ ನ್ಯೂಸ್ ಚಾನೆಲ್‌ನ ಲೈವ್ ಹಾಕಿ, ಕೆಳಗೆ ಓಡೋ ಸ್ಕ್ರೋಲ್ ನೋಡಿ. ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮೊದಲನೆಯದು, ಸ್ಕ್ರೋಲ್ ಪೂರ್ತಿ ಕಾಣ್ತಾ ಇದೆಯಾ? ಅಪ್ಪ ಫೋನ್ ಮಾಡಿ "ನಿಮ್ಮ ಚಾನೆಲ್ಲಿನ ಅಡಿಗೆರೆ ಅರ್ಧ ಕಟ್ ಆಗ್ತದಲ್ಲೋ" ಅಂದಿದ್ದರು. ತಪ್ಪು ನಮ್ಮ ಚಾನೆಲ್‌ದಲ್ಲ. ಹಳೇ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅಂಚು ಸರಿ ಇರ್ತಿರಲಿಲ್ಲ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಮುಚ್ಚಿಡ್ತಾ ಇದ್ದರು. ಆ ಚಾಳಿಯನ್ನು ಇವತ್ತಿನ ಚಪ್ಪಟೆ ಟಿವಿಗಳೂ ಬಿಟ್ಟಿಲ್ಲ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಥವಾ ಅಂಥದೇ ಹೆಸರಿನ ಆಯ್ಕೆ ಇರುತ್ತೆ, ಅದನ್ನು ಹಾಕಿ.

ಎರಡನೆಯದು, ಸ್ಕ್ರೋಲ್ ಹರಿಯುತ್ತಾ, ಕುಂಟುತ್ತಾ? ಕುಂಟಿದರೆ ಕಾರಣ ಹೇಳ್ತೀನಿ. ನಮ್ಮ ದೇಶದ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮ್, 50 ಫೀಲ್ಡ್ ಲೆಕ್ಕದಲ್ಲಿ ನಡೆಯುತ್ತೆ. ಸಿನಿಮಾ 24 ಫ್ರೇಮ್. ಕಂಪ್ಯೂಟರ್ ಮಾತ್ರ ಸೆಕೆಂಡಿಗೆ 60 ಸಲ ಪರದೆ ಬರೆಯುತ್ತೆ, ನೀವು ಹೇಳೋವರೆಗೆ ಬದಲಾಯಿಸಲ್ಲ. 24 ಫ್ರೇಮನ್ನು 60ಕ್ಕೆ ಹಂಚೋದು ಹೇಗೆ? ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ. ಕ್ಯಾಮೆರಾ ಬಯಲಿನ ಮೇಲೆ ನಿಧಾನ ತಿರುಗಿದಾಗ ಒಂದು ಸಣ್ಣ ಎಳೆತ ಕಾಣುತ್ತಲ್ಲ, ಅದೇ ಇದು. ಕೋಡಿಯಲ್ಲಿ ರಿಫ್ರೆಶ್ ರೇಟ್ ತಾನೇ ಹೊಂದಿಸಿಕೊಳ್ಳೋ ಆಯ್ಕೆ ಇದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕೈಯಾರೆ 24ಕ್ಕೋ 50ಕ್ಕೋ ಇಡಬಹುದು. ಒಂದು ಸಲ ವ್ಯತ್ಯಾಸ ನೋಡಿದವರಿಗೆ ಮತ್ತೆ ಹಳೆಯದು ಸಹಿಸೋಕಾಗಲ್ಲ, ಹಾಗಾಗಿ ನೆಮ್ಮದಿಯಾಗಿರೋ ಮನೆಯವರಿಗೆ ತೋರಿಸೋಕೆ ಹೋಗಬೇಡಿ.

ಮೌಸ್ ಎಳೆದ ಹಾಗೆಲ್ಲ ಬಾಣ ಜಿಗೀತಾ ಇದ್ದರೆ ಟಿವಿ 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ತಗೊಳ್ತಾ ಇದೆ ಅಂತ ಅರ್ಥ. ಹಳೇ ಎಚ್‌ಡಿಎಂಐ 1.4ರ ಮಿತಿ ಅದು, 60 ಬೇಕಾದರೆ 2.0 ಬೇಕು. ಕೆಲವು ಟಿವಿಗಳಲ್ಲಿ ಪೋರ್ಟ್ ಹೊಸದೇ ಇರುತ್ತೆ, ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್ಡ್ ಅಂತ ಬದಲಾಯಿಸಬೇಕಷ್ಟೆ. ಕೀಬೋರ್ಡ್ ಅಕ್ಷರ ನುಂಗ್ತಾ ಇದ್ದರೆ ಕೀಬೋರ್ಡ್ ಬಿಸಾಡಬೇಡಿ. ಅದರ ಪುಟ್ಟ ರಿಸೀವರ್ ಟಿವಿ ಹಿಂದೆ, ಯುಎಸ್‌ಬಿ 3 ಪೋರ್ಟ್ ಪಕ್ಕದಲ್ಲಿ ಸಿಕ್ಕಿಕೊಂಡಿರುತ್ತೆ, ಆ ಪೋರ್ಟಿನ ಗದ್ದಲ ಇದರ ಸಿಗ್ನಲ್ ಕೆಡಿಸುತ್ತೆ. ಒಂದಡಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಮುಂದಕ್ಕೆ ತನ್ನಿ.

ಮಲೆನಾಡು, ಕರಾವಳಿಯ ವೀಕ್ಷಕರಿಗೆ ಪ್ರತ್ಯೇಕವಾಗಿ ಹೇಳಬೇಕು. ಗುಡುಗು ಶುರುವಾದರೆ ಪವರ್ ಪ್ಲಗ್ ಕಿತ್ತರೆ ಸಾಲದು. ಕೇಬಲ್ ಟಿವಿ ವೈರ್, ಡಿಶ್ ವೈರ್, ಇಂಟರ್ನೆಟ್ ವೈರ್ - ಹೊರಗಿಂದ ಬರೋ ಪ್ರತಿಯೊಂದು ತಂತಿಯೂ ಸಿಡಿಲಿಗೆ ದಾರಿಯೇ. ಎಚ್‌ಡಿಎಂಐ ವೈರ್ ಟಿವಿಯನ್ನೂ ಕಂಪ್ಯೂಟರನ್ನೂ ಜೋಡಿಸಿರೋದರಿಂದ ಒಂದಕ್ಕೆ ಬಡಿದದ್ದು ಇನ್ನೊಂದಕ್ಕೂ ಹೋಗುತ್ತೆ. ಹಾಗಾಗಿ ಗುಡುಗಿನ ಲಕ್ಷಣ ಕಂಡ ಕೂಡಲೇ ಎಲ್ಲ ತಂತಿ ಬಿಚ್ಚಿಡಿ, ಸಿಡಿಲು ನೆತ್ತಿ ಮೇಲೆ ಬಂದ ಮೇಲೆ ಹೋಗಿ ವೈರ್ ಮುಟ್ಟಬೇಡಿ. ನಮ್ಮನೆಯಲ್ಲಿ ಮಳೆಗಾಲದಲ್ಲಿ ಇದು ಅಮ್ಮನ ಕೆಲಸ. ಯಾವ ವೈರ್ ಎಲ್ಲಿಗೆ ಅಂತ ಗೊತ್ತಾಗಲಿ ಅಂತ ಬಣ್ಣದ ದಾರ ಕಟ್ಟಿಟ್ಟಿದ್ದಾರೆ. ನನ್ನ ಇಡೀ ಯೋಜನೆಯಲ್ಲಿ ತಪ್ಪಿಲ್ಲದ ಭಾಗ ಅಂದ್ರೆ ಅದೊಂದೇ.

ಹಾಗಾದರೆ ಈಗ ಕೊಂಡುಕೊಳ್ಳಬೇಕಾ? ಸ್ವಲ್ಪ ತಡೀರಿ. ಮನೆಯಲ್ಲಿ ಯಾರದ್ದಾದರೂ ಲ್ಯಾಪ್‌ಟಾಪ್ ಇರುತ್ತಲ್ಲ, ಅದಕ್ಕೆ ಒಂದು ಎಚ್‌ಡಿಎಂಐ ವೈರ್ ಹಾಕಿ ಟಿವಿಗೆ ಕೊಡಿ. ಒಂದು ವಾರ ಹಾಗೇ ಬಿಡಿ. ಯಾರು ಬಳಸ್ತಾರೆ, ಯಾವುದಕ್ಕೆ ಬಳಸ್ತಾರೆ, ಮೂರನೇ ದಿನಕ್ಕೇ ವೈರ್ ಕಿತ್ತು ಮೂಲೆಗೆ ಹಾಕ್ತಾರಾ ಅಂತ ಗೊತ್ತಾಗುತ್ತೆ. ಮನೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಇದ್ದರಂತೂ ಸ್ಟೀಮ್ ಲಿಂಕ್ ಅನ್ನೋ ಉಚಿತ ಆಪ್ ಇದೆ. ಆಟ ಒಳಗಿನ ಕೋಣೆಯ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತೆ, ಚಿತ್ರ ಮನೆಯ ನೆಟ್‌ವರ್ಕ್ ಮೂಲಕ ಹಾಲ್‌ನ ಟಿವಿಗೆ ಬರುತ್ತೆ. ಅಷ್ಟರಲ್ಲೇ ಕೆಲಸ ಮುಗಿದರೆ ದುಡ್ಡು ಉಳೀತು.

ಇಲ್ಲ, ಬೇಕೇ ಬೇಕು ಅಂತಾದರೆ ರ‍್ಯಾಮ್ ದರ ವಿಚಾರಿಸಿಕೊಂಡು ಹೋಗಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ತಾ ಇವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥ ಸಾಮಾನ್ಯ ಗ್ರಾಹಕರಿಗೆ ಮಾರ್ತಾ ಇದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿತು. ಅಮೆರಿಕದಲ್ಲಿ ಯಾರೋ ಕಟ್ಟೋ ಡೇಟಾ ಸೆಂಟರ್ ನಿಮ್ಮ ಹಾಲ್‌ನ ಡಬ್ಬದ ಬೆಲೆ ಏರಿಸುತ್ತೆ. ಹಾಗಾಗಿ ಹಳೇ ಕಂಪ್ಯೂಟರ್‌ನಿಂದ ತೆಗೆದ ರ‍್ಯಾಮ್ ಕಡ್ಡಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಅದು ಹೊಂದೋ ಬೋರ್ಡ್ ಸಿಗುತ್ತಾ ನೋಡಿ.

ತೀರ್ಥಹಳ್ಳಿಯ ಡಬ್ಬ ಈಗಲೂ ಟಿವಿ ಕೆಳಗೇ ಇದೆ. ಅಮ್ಮ ಅದನ್ನು ಮುಟ್ಟಲ್ಲ, ಸೀರಿಯಲ್ ಟಿವಿಯ ಆಪ್‌ನಲ್ಲೇ. ಅಪ್ಪ ಸಂಜೆ ಐದು ಕೀಗಳಲ್ಲಿ ಯಕ್ಷಗಾನ ಕೇಳ್ತಾರೆ. ಅಕ್ಕನ ಮಗ ರಜೆಗೆ ಬಂದಾಗ ಆಡ್ತಾನೆ. ಹೋದ ತಿಂಗಳು ಫೋನ್ ಮಾಡಿ "ಮಾಮ, ಗ್ರಾಫಿಕ್ಸ್ ಕಾರ್ಡ್ ಹಾಕೋಣ್ವಾ?" ಅಂತ ಕೇಳಿದ. ಆ ಚಂದದ ಚಿಕ್ಕ ಕ್ಯಾಬಿನೆಟ್‌ನಲ್ಲಿ ಜಾಗ ಇಲ್ಲ ಕಣೋ ಅಂದೆ. ಅಳೆದು ನೋಡಿದೆ ಮಾಮ, ಚಿಕ್ಕ ಕಾರ್ಡ್ ಹಿಡಿಯುತ್ತೆ ಅಂದ.